ಎಡಗಡೆಯ ಎಂಟು ತಟ್ಟೆ

9-10-1993, ಶನಿವಾರ

ದಸರಾ ರಜೆ ಶುರು. ಮಕ್ಕಳಿಗೆ ಎಷ್ಟು ಖುಷಿಯೋ ಮೇಷ್ಟರಿಗೆ ಅದರ ಎರಡರಷ್ಟು. ಮಕ್ಕಳು ಮಾತ್ರ ಇದನ್ನು ನಂಬುವುದಿಲ್ಲ. ದಿಬ್ಬೂರಹಳ್ಳಿ ಹೈಸ್ಕೂಲಿನಲ್ಲಿ ಹದಿನೆಂಟು ವರ್ಷದಿಂದ ಲೆಕ್ಕ ಹೇಳಿಕೊಡುತ್ತಿದ್ದೇನೆ. ಈ ರಜೆಯಲ್ಲಿ ನಾನು ಬಿಡಿಸಬೇಕಾದ ಲೆಕ್ಕ ಒಂದೇ, ತಾಜ್ ಪಾಷಾ ಕೊಟ್ಟ ಬೋರ್ಡು.

ತಾಜ್ ಪಾಷಾ ಶಿಡ್ಲಘಟ್ಟದಲ್ಲಿ ನನ್ನ ಜೊತೆ ಓದಿದವನು. ಚಿಂತಾಮಣಿ ಬಸ್ ಸ್ಟ್ಯಾಂಡಿನ ಹಿಂದೆ ವಿಡಿಯೋ ಗೇಮ್ ಅಂಗಡಿ ಇಟ್ಟಿದ್ದ. ಕಾಸು ಹಾಕಿದರೆ ವಿಮಾನ ಹಾರಿಸಬಹುದಾದ ದೊಡ್ಡ ದೊಡ್ಡ ಪೆಟ್ಟಿಗೆಗಳು. ಮನೆಯ ಟೀವಿಗೇ ಸಿಕ್ಕಿಸುವ ಆಟ ಬಂದ ಮೇಲೆ ಅಂಗಡಿಗೆ ಬೀಗ ಬಿತ್ತು. ಪೆಟ್ಟಿಗೆಯ ಮರ ಒಲೆಗೆ ಹೋಯಿತು, ಒಳಗಿನ ಬೋರ್ಡುಗಳು ನನ್ನ ಪಾಲಿಗೆ ಬಂದವು. "ನಿನ್ ಕೈಲಿ ಬದುಕಿದ್ರೆ ಬದುಕ್ಲಿ ಕಣೋ, ಇಲ್ಲಾಂದ್ರೆ ಗುಜರಿಗ್ ಹಾಕು" ಎಂದು ಗೋಣಿಚೀಲದಲ್ಲಿ ಮೂರು ಬೋರ್ಡು ತುಂಬಿ ಕೊಟ್ಟ. ಎರಡನ್ನು ಬೇಸಿಗೆ ರಜೆಯಲ್ಲಿ ಬದುಕಿಸಿದೆ. ಉಳಿದದ್ದು ಇದು, ವಿಮಾನದ ಆಟ. ಹನ್ನೆರಡು ವರ್ಷ ಹಳೆಯದು. ಬದುಕಿಸಿ ಏನು ಪ್ರಯೋಜನ ಎಂದು ಕೇಳುವವರಿಗೆ ನನ್ನಲ್ಲಿ ಉತ್ತರವಿಲ್ಲ. ಇಸ್ಪೀಟು ಆಡುವವರನ್ನು ಯಾರೂ ಹಾಗೆ ಕೇಳುವುದಿಲ್ಲ.

ಮನೆಯಲ್ಲಿ ಮಾತ್ರ ಜಾಗವಿಲ್ಲ. ನಡುಮನೆಯ ತುಂಬ ನನ್ನ ಹೆಂಡತಿ ಅಶ್ವತ್ಥಮ್ಮನ ರೇಷ್ಮೆಹುಳು. ಮೂರು ಸ್ಟ್ಯಾಂಡು, ಒಂದೊಂದಕ್ಕೆ ಎಂಟೆಂಟು ಬಿದಿರಿನ ತಟ್ಟೆ. ನಾನು ಈ ಮನೆಯ ಬಾಡಿಗೆದಾರ, ಹುಳುಗಳೇ ಮಾಲೀಕರು. ಊದುಕಡ್ಡಿ ಹಚ್ಚುವಂತಿಲ್ಲ, ಒಗ್ಗರಣೆ ಹಿತ್ತಲಿನಲ್ಲಿ. ಬೆಸುಗೆ ಹಾಕುವ ನನ್ನ ಸೋಲ್ಡರಿಂಗ್ ಕಡ್ಡಿಗೂ ನಿಷೇಧ. "ಹುಳ ಮನೇಲಿರೋವರ್ಗೂ ಅದನ್ನ ಕಾಯಿಸ್ಬೇಡಿ. ರಾಳದ್ ಹೊಗೆ ಅವಕ್ಕಾಗಲ್ಲ" ಎಂದಳು. ಸರಿ ಎಂದೆ. ಮಾತು ಕೊಟ್ಟಾಯಿತು.

ಅವಳ ಆತಂಕ ನನಗೆ ಅರ್ಥವಾಗದೇ ಇಲ್ಲ. ಇಪ್ಪತ್ತು ವರ್ಷ ನನ್ನ ಅಮ್ಮನ ಕೈಕೆಳಗೆ ಹುಳು ಮೇಯಿಸಿದವಳು. ಅಮ್ಮ ಹೋದ ಮೇಲೆ ಇದೇ ಅವಳ ಸ್ವಂತದ ಮೊದಲ ಬೆಳೆ. ಅಮ್ಮನ ಕೈಗುಣ ಊರಿಗೇ ಗೊತ್ತಿತ್ತು. ಮೊಟ್ಟೆ ಒಡೆದ ಮರಿಗಳಿಗೆ ಮೊದಲ ಹಿಪ್ಪುನೇರಳೆ ಸೊಪ್ಪನ್ನು ಅಮ್ಮನ ಕೈಲೇ ಹಾಕಿಸಬೇಕೆಂದು ಮೂರು ಹಳ್ಳಿಯವರು ಬರುತ್ತಿದ್ದರು. ಆ ಕೈಗುಣ ಈ ಕೈಗೆ ಬಂದಿದೆಯೋ ಇಲ್ಲವೋ ನೋಡೋಣ ಎಂದು ಪಕ್ಕದ ಮನೆಯ ಚಿಕ್ಕವೆಂಕಟಮ್ಮ ಅತ್ತಿಗೆ ಬಾಯಿಬಿಟ್ಟೇ ಹೇಳಿದ್ದಾರೆ.

11-10-1993, ಸೋಮವಾರ

ಬೋರ್ಡಿಗೆ ಕರೆಂಟು ಕೊಟ್ಟರೆ ಹಳೆಯ ಟೀವಿಯ ತುಂಬ ಒಂದೇ ಅಕ್ಷರ, ಸಾಲು ಸಾಲು. ಒಂದು ಕ್ಷಣ ಇದ್ದು ಅಳಿಸಿಹೋಗುತ್ತದೆ, ಮತ್ತೆ ತುಂಬುತ್ತದೆ. ಇದರೊಳಗೆ ಒಬ್ಬ ಕಾವಲುಗಾರ ಇದ್ದಾನೆ. ದೊಡ್ಡ ಚಿಪ್ಪು ಗಳಿಗೆಗೊಮ್ಮೆ 'ಎದ್ದಿದ್ದೇನೆ' ಎನ್ನದಿದ್ದರೆ ಅದನ್ನು ತಟ್ಟಿ ಎಬ್ಬಿಸುವುದು ಅವನ ಕೆಲಸ. ಈಗ ಎಬ್ಬಿಸುತ್ತಲೇ ಇದ್ದಾನೆ, ಅದು ಏಳುತ್ತಲೇ ಇಲ್ಲ. ಒಂಬತ್ತನೇ ತರಗತಿಯ ಕೊನೇ ಬೆಂಚು ನೆನಪಾಯಿತು.

ನಾನೇ ಮಾಡಿಕೊಂಡ ಪ್ರೋಬಿನಿಂದ ಚಿಪ್ಪುಗಳ ಒಂದೊಂದು ಕಾಲನ್ನೂ ಮುಟ್ಟಿ ನೋಡಿದೆ. ಅದರಲ್ಲಿ ಎರಡು ಸಣ್ಣ ದೀಪ, ಒಂದು ಕೆಂಪು, ಒಂದು ಹಸಿರು. ಎರಡೂ ಮಿನುಗಿದರೆ ಆ ಕಾಲಿನಲ್ಲಿ ಜೀವ ಓಡಾಡುತ್ತಿದೆ ಎಂದರ್ಥ. ಅರ್ಧ ಬೋರ್ಡು ಬಿಡು, ಇನ್ನರ್ಧ ನೋಡು. ಅದರಲ್ಲಿ ಮತ್ತೆ ಅರ್ಧ. ಸಂಜೆಯ ಹೊತ್ತಿಗೆ ಒಂದು ಮೆಮೊರಿ ಚಿಪ್ಪಿಗೆ ಬಂದು ನಿಂತೆ. ಅದರ ಒಂದು ಕಾಲು ಹಸಿರಿನಲ್ಲೇ ಸತ್ತು ಮಲಗಿದೆ. ಅದೇ ನಮೂನೆಯ ಒಳ್ಳೆ ಚಿಪ್ಪೊಂದನ್ನು ಅದರ ಬೆನ್ನ ಮೇಲೆ ಕೂರಿಸಿ, ಕಾಲಿಗೆ ಕಾಲು ತಾಗುವಂತೆ ಬೆರಳಿನಿಂದ ಒತ್ತಿ ಹಿಡಿದೆ. ಒಂದೇ ಒಂದು ಕ್ಷಣ, ವಿಮಾನದ ರೆಕ್ಕೆ ಕಂಡಿತು!

ಕಿರುಚಿದೆನಂತೆ. ಅಶ್ವತ್ಥಮ್ಮ ಖಾಲಿ ಬುಟ್ಟಿ ಒರೆಸುವ ಕೈ ನಿಲ್ಲಿಸಿ, "ಮೆತ್ತಗೆ. ಹುಳ ಜ್ವರದಲ್ಲಿವೆ" ಎಂದಳು. ಪೊರೆ ಬಿಡುವ ಮೊದಲು ಹುಳು ಮೇವು ಬಿಟ್ಟು ತಲೆಯೆತ್ತಿ ಸ್ತಬ್ಧವಾಗುವುದಕ್ಕೆ ಜ್ವರ ಎನ್ನುತ್ತಾರೆ. ಇದು ನಾಲ್ಕನೆಯದು, ಕೊನೆಯದು. ಆಮೇಲೆ ನನ್ನ ಚಿಪ್ಪನ್ನು ನೋಡಿ, "ಇದು ಜರಿಹುಳ ಇದ್ದಂಗಿದೆ. ಎಷ್ಟ್ ಕಾಲು! ಎಲ್ಲಾನೂ ನೋಡ್ತಾ ಕೂತ್ಕೋತೀರಾ?" ಎಂದು ನಕ್ಕಳು.

ಕೆಟ್ಟ ಚಿಪ್ಪನ್ನು ಬಿಚ್ಚಬೇಕು. ಬಿಚ್ಚುವುದಕ್ಕೆ ಕಡ್ಡಿ ಕಾಯಿಸಬೇಕು.

13-10-1993, ಬುಧವಾರ

ಹುಳು ಜ್ವರದಿಂದ ಎದ್ದಿವೆ. ಇನ್ನು ಏಳೆಂಟು ದಿನ ತಿನ್ನುವುದೇ ಕೆಲಸ. ಆ ಸದ್ದು ಸಣ್ಣ ಮಳೆಯಂತಿದೆ ಎನ್ನುತ್ತಾಳೆ ಅವಳು. ನನಗೆ ಪರೀಕ್ಷಾ ಹಾಲ್‌ನ ಸದ್ದು. ಚಿಪ್ಪು ಬಿಚ್ಚದೆ ಕೂತಿದ್ದೇನೆ.

14-10-1993, ಗುರುವಾರ

ಸಾದಲಿಯಲ್ಲಿ ಅವಳ ಚಿಕ್ಕಪ್ಪನ ಮಗಳಿಗೆ ಹೆರಿಗೆಯಾಗಿದೆ. ನೋಡಿಬರಲು ಬೆಳಗಿನ ಬಸ್ಸಿಗೆ ಹೋದಳು, ಸಂಜೆ ಬಂದಳು. ಹೋಗುವಾಗ ಮಧ್ಯಾಹ್ನದ ಮೇವು ನನಗೆ ಒಪ್ಪಿಸಿದಳು. ಎರಡು ಸ್ಟ್ಯಾಂಡಿಗೆ ಆಗುವಷ್ಟು ಸೊಪ್ಪು ಕೊಯ್ದಿಟ್ಟಿದ್ದಳು. ಎಡಗಡೆಯದಕ್ಕೆ ಒಂದು ಮಂಕರಿ ನಾನೇ ತರಬೇಕು. ಬಾವಿ ಕಡೆಯಿಂದಲೇ ತನ್ನಿ ಎಂದಳು, ಕಾರಣವನ್ನೂ ಏನೋ ಹೇಳಿದಳು. ನಾನು ಪ್ರೋಬಿನ ವೈರು ಹುಡುಕುತ್ತಿದ್ದೆ.

ಬಾವಿಯ ತನಕ ಹೋಗುವ ಅಗತ್ಯವೇ ಬೀಳಲಿಲ್ಲ. ಪಕ್ಕದ ಹೊಲದ ಬಯ್ಯಪ್ಪನ ದ್ರಾಕ್ಷಿ ತೋಟದ ಬೇಲಿಗೆ ತಾಗಿದ ನಮ್ಮ ಸಾಲಿನಲ್ಲೇ ಅಂಗೈಯಗಲದ ಸೊಪ್ಪು. ಅರ್ಧ ಗಂಟೆಯಲ್ಲಿ ಮಂಕರಿ ತುಂಬಿತು. ಅವಳಾಗಿದ್ದರೆ ಒಂದೂವರೆ ಗಂಟೆ ಮಾಡುತ್ತಿದ್ದಳು. ಲೆಕ್ಕದ ಮೇಷ್ಟರಿಗೆ ಹತ್ತಿರದ ದಾರಿ ಯಾವಾಗಲೂ ಕಾಣುತ್ತದೆ.

ಮೂರೂ ಸ್ಟ್ಯಾಂಡಿಗೆ ಮೇವು ಹಾಕಿ, ಉಳಿದ ಹೊತ್ತಿನಲ್ಲಿ ಮಾಡಬಾರದ್ದನ್ನು ಮಾಡಿದೆ. ಉಗ್ರಾಣದ ಬಾಗಿಲು ಹಾಕಿಕೊಂಡು ಕಡ್ಡಿ ಕಾಯಿಸಿದೆ. ಇಪ್ಪತ್ತನಾಲ್ಕು ಕಾಲು ಒಂದೊಂದಾಗಿ ಬಿಡಿಸಿ ಸತ್ತ ಚಿಪ್ಪನ್ನು ತೆಗೆದು, ಅಲ್ಲಿ ಸಾಕೆಟ್ ಕೂರಿಸಿ, ಬಸ್ಸು ಬರುವ ಹೊತ್ತಾಯಿತೆಂದು ಗಡಿಬಿಡಿಯಲ್ಲಿ ಹೊಸ ಚಿಪ್ಪು ಒತ್ತಿದೆ. ಕರೆಂಟು ಕೊಟ್ಟರೆ ಪರದೆ ಪೂರಾ ಕಪ್ಪು. ಮೊದಲಿದ್ದ ಅಕ್ಷರಗಳೂ ಇಲ್ಲ! ಕಿಟಕಿ ತೆರೆದು ಹೊಗೆ ಹೋಗಲು ಟವೆಲ್ ಬೀಸಿದೆ. ಉಗ್ರಾಣಕ್ಕೂ ನಡುಮನೆಗೂ ನಡುವೆ ಗೋಡೆಯಲ್ಲಿ ಒಂದು ಕಿಂಡಿ ಇದೆ, ಅದು ಆಮೇಲೆ ನೆನಪಾಯಿತು. ಚೀಲ ತುರುಕಿದೆ.

"ಏನೋ ವಾಸ್ನೆ" ಎಂದಳು ಬಂದವಳೇ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು, "ಹಳೇ ಟೀವಿ ಬಿಸಿಯಾಗಿತ್ತು" ಎಂದೆ.

15-10-1993, ಶುಕ್ರವಾರ

ಎಡಗಡೆಯ ಸ್ಟ್ಯಾಂಡಿನ ಹುಳು ಸರಿಯಿಲ್ಲ. ತಲೆ ಎತ್ತಿ ಅತ್ತಿತ್ತ ತೂಗುತ್ತಿವೆ, ಹಸಿರು ರಸ ಕಾರುತ್ತಿವೆ. ಮೇವು ಮುಟ್ಟುತ್ತಿಲ್ಲ. ಎಡಗಡೆಯ ಸ್ಟ್ಯಾಂಡು ಉಗ್ರಾಣದ ಗೋಡೆಗೇ ತಾಗಿಕೊಂಡಿದೆ. ಕಿಂಡಿಯ ನೇರಕ್ಕೆ.

16-10-1993, ಶನಿವಾರ

ಎಂಟು ತಟ್ಟೆಯೂ ಹೋದವು. ಹಿತ್ತಲ ತಿಪ್ಪೆಯಾಚೆ ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚಿದೆ. ಅವಳು ಪಕ್ಕದಲ್ಲಿ ನಿಂತಿದ್ದಳು. ಅತ್ತಿಗೆ ಬಂದು ನೋಡಿ, "ಅಯ್ಯೋ ದೇವುಡಾ! ನಿಮ್ಮತ್ತೆ ಇದ್ದಾಗ ಒಂದ್ ತಟ್ಟೆ ಹೋಗಿದ್ ನಾ ಕಾಣೆನಮ್ಮ" ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಹೇಳಿದರು.

ಸಂಜೆಯ ಮೇವಿನ ಹೊತ್ತಿಗೆ ಅಶ್ವತ್ಥಮ್ಮ ಸೊಪ್ಪಿನ ಬುಟ್ಟಿಯನ್ನು ಅತ್ತಿಗೆಯ ಕೈಗೆ ಕೊಟ್ಟಳು. "ಉಳಿದಿರೋದಕ್ಕೆ ನೀವ್ ಹಾಕಿ ಅಕ್ಕ. ನನ್ ಕೈ ಬ್ಯಾಡ" ಎಂದಳು. ಆಮೇಲೆ ಬಚ್ಚಲಲ್ಲಿ ಕೂತು ಕೈ ತೊಳೆದಳು. ತುಂಬ ಹೊತ್ತು ತೊಳೆದಳು.

ಬೋರ್ಡು ಮುಟ್ಟಲಿಲ್ಲ. ಹೇಳಬೇಕು. ಹೇಳಿದರೆ ಏನಾಗುತ್ತದೆ? ಗೋಣಿಚೀಲ ಗುಜರಿಗೆ ಹೋಗುತ್ತದೆ, ಅಷ್ಟೇ ತಾನೆ? ಅಷ್ಟೇ ಅಲ್ಲ. ಕೊಟ್ಟ ಮಾತನ್ನು ಮುರಿದು ಸುಳ್ಳು ಹೇಳಿದ ಗಂಡ ಎಂದು ಅವಳು ನನ್ನನ್ನು ನೋಡಬೇಕಾಗುತ್ತದೆ. ಅದಕ್ಕೆ ಹೆದರಿಕೆ. ನಲವತ್ತೇಳು ವರ್ಷದ ಗಂಡಸಿಗೆ.

17-10-1993, ಭಾನುವಾರ

ಬೆಳಗಿನ ಮೇವನ್ನೂ ಅತ್ತಿಗೆಯೇ ಹಾಕಿದರು. ಅವಳು ಹೊಸಿಲಿನಾಚೆ ನಿಂತು ನೋಡುತ್ತಿದ್ದಳು, ತನ್ನ ಮನೆಯ ನಡುಮನೆಗೇ ಕಾಲಿಡದೆ. ಇನ್ನು ತಡೆಯಲಾಗಲಿಲ್ಲ. ಅತ್ತಿಗೆ ಹೋದ ಮೇಲೆ ಹಿತ್ತಲಿಗೆ ಕರೆದು ಎಲ್ಲ ಹೇಳಿದೆ. ಕಡ್ಡಿ ಕಾಯಿಸಿದ್ದು, ಕಿಂಡಿ, ಟವೆಲ್, ಟೀವಿ ಬಿಸಿಯಾಯಿತೆಂದು ಹೇಳಿದ ಸುಳ್ಳು.

ಅತ್ತುಬಿಡುತ್ತಾಳೆ ಅಂದುಕೊಂಡಿದ್ದೆ. ಕಿರುಚಿದ್ದರೂ ಸಾಕಿತ್ತು. ಒಗೆಯುವ ಕಲ್ಲಿನ ಮೇಲೆ ಕೂತು ನನ್ನನ್ನೇ ನೋಡಿದಳು.

"ನಿನ್ನೆಯಿಂದ ಅಕ್ಕನ್ ಕೈಲಿ ಹಾಕಿಸ್ತಿದೀನಿ. ನೋಡ್ಕೊಂಡ್ ಸುಮ್ನೆ ಇದ್ರಲ್ಲ" ಎಂದಳು.

ಹಗ್ಗದ ಮೇಲಿದ್ದ ಅದೇ ಟವೆಲ್ ಎಳೆದು ಮಡಚತೊಡಗಿದೆ.

ಆಮೇಲೆ ಅವಳೇ, "ಹೊಗೆಯಿಂದ್ಲೇ ಅಂತ ಹೆಂಗ್ ಗೊತ್ತು?" ಎಂದಳು.

"ಮತ್ತಿನ್ನೇನಿರುತ್ತೆ?"

"ಬೋರ್ಡಾದ್ರೆ ಹಿಂಗ್ ಹೇಳ್ತೀರಾ? ವಾರಗಟ್ಲೆ ಒಂದೊಂದ್ ಕಾಲೂ ಮುಟ್ಟಿ ನೋಡ್ತೀರ. ನನ್ ಹುಳಕ್ಕೂ ಹಂಗೇ ನೋಡಿ. ಹೊಗೆ ಅಂತಾದ್ರೆ ಹೊಗೆ. ಇಲ್ಲಾಂದ್ರೆ ನನ್ ಕೈಯಿ ಅಂತಾನಾದ್ರೂ ಗೊತ್ತಾಗ್ಲಿ. ಇಪ್ಪತ್ತು ಹುಳ ಕೊಡ್ತೀನಿ" ಎಂದಳು.

ಹದಿನೆಂಟು ವರ್ಷ ಪಾಠ ಮಾಡಿದವನಿಗೆ ಒಗೆಯುವ ಕಲ್ಲಿನ ಮೇಲಿನಿಂದ ಪಾಠ.

ಹೇಳಿದ್ದರಿಂದ ಎದೆಯ ಮೇಲಿದ್ದ ಚಪ್ಪಡಿ ಇಳಿದಿದೆ. ಅದರ ಜಾಗದಲ್ಲಿ ನಾಚಿಕೆ ಕೂತಿದೆ, ಆದರೂ ಅದು ಹಗುರ.

18-10-1993, ಸೋಮವಾರ

ಬೆಳಗ್ಗೆ ದನದ ಕೊಟ್ಟಿಗೆಯಲ್ಲಿ ಎರಡು ಮೊರ. ಒಂದೊಂದರಲ್ಲಿ ಬಲಗಡೆಯ ಸ್ಟ್ಯಾಂಡಿನ ಹತ್ತು ಹುಳು, ಬಾವಿ ಕಡೆಯ ಸೊಪ್ಪು. ಒಂದು ಮೊರವನ್ನು ಕೊಟ್ಟಿಗೆಯ ಆ ತುದಿಯಲ್ಲಿಟ್ಟೆ. ಇನ್ನೊಂದರ ಮೇಲೆ ಬುಟ್ಟಿ ಕವುಚಿ, ಸಂದಿಯಲ್ಲಿ ಕಡ್ಡಿ ಇಟ್ಟು ರಾಳ ಕರಗಿಸಿದೆ. ಅವತ್ತಿನಷ್ಟೇ ಹೊತ್ತು, ಎರಡು ಗಂಟೆ. ಅಶ್ವತ್ಥಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಕಾವಲು ಕೂತಳು. ಬುಟ್ಟಿ ತೆಗೆದರೆ ಹತ್ತೂ ಹುಳು ಮೇಯುತ್ತಿವೆ! ಒಂದೆರಡು ಸ್ವಲ್ಪ ಮುನಿಸಿಕೊಂಡಂತೆ ಇದ್ದವು, ಸಂಜೆಗೆ ಅವೂ ಸರಿಹೋದವು. ಹೊಗೆ ಒಳ್ಳೆಯದೆಂದಲ್ಲ, ಆದರೆ ಈ ಸಾವು ಹೊಗೆಯದ್ದಲ್ಲ.

ನನಗೆ ಕುಣಿಯುವಷ್ಟು ನಿರಾಳ. ಅವಳ ಮುಖ ನೋಡಿದ ಮೇಲೆ ಅದೂ ಹೋಯಿತು. "ಹಂಗಾದ್ರೆ ನನ್ ಕೈಯೇ" ಎಂದು ಎದ್ದು ಹೋದಳು.

ಕೈಗೆ ಕೆಲಸ ಬೇಕಾಗಿತ್ತು. ಕಡ್ಡಿ ಮುಟ್ಟದೆ ಬೋರ್ಡನ್ನು ಅಂಗಳದ ಬಿಸಿಲಿಗೆ ತಂದು ಭೂತಗನ್ನಡಿಯಲ್ಲಿ ನೋಡಿದೆ. ಈ ಕೆಲಸದಲ್ಲಿ ಒಂದು ನಿಯಮ ಇದೆ. ರಿಪೇರಿಯಾದ ಮೇಲೆ ಹೊಸ ದೋಷ ಕಂಡರೆ ಮೊದಲು ಅನುಮಾನಿಸಬೇಕಾದ್ದು ಬೋರ್ಡನ್ನಲ್ಲ, ನಿನ್ನ ಕೈಯನ್ನು. ಹೌದು, ಹೊಸ ಚಿಪ್ಪಿನ ಒಂದು ಕಾಲು ಸಾಕೆಟ್ಟಿನೊಳಗೆ ಇಳಿಯದೆ ಹೊಟ್ಟೆಯಡಿ ಮಡಚಿಕೊಂಡಿತ್ತು. ಗಡಿಬಿಡಿಯಲ್ಲಿ ಒತ್ತಿದ್ದರ ಫಲ. ಬ್ಲೇಡಿನಿಂದ ನೇರ ಮಾಡಿ ಕೂರಿಸಿದೆ. ಕರೆಂಟು ಕೊಟ್ಟೆ. ವಿಮಾನ ಬಂತು, ಮೋಡ ಬಂತು, ಟುಯ್ ಟುಯ್ ಎಂದು ಗುಂಡು ಹಾರಿತು.

ಅಂದುಕೊಂಡಷ್ಟು ಖುಷಿಯಾಗಲಿಲ್ಲ. ಅವತ್ತು ಅದೇ ಗಡಿಬಿಡಿಯಲ್ಲಿ ನನ್ನ ಕೈ ಇನ್ನೇನೇನು ಮಾಡಿತ್ತು? ಕಡ್ಡಿ, ಕಿಂಡಿ, ಸೊಪ್ಪು.

ಸೊಪ್ಪು!

ಆಫ್ ಮಾಡಿ ಎದ್ದೆ. ಅವಳು ಹಿತ್ತಲಲ್ಲಿ ಪಾತ್ರೆ ಉಜ್ಜುತ್ತಿದ್ದಳು. ಅಲ್ಲೇ ನಿಂತು, "ಅವತ್ತು ಎಡಗಡೆಗೆ ಹಾಕಿದ್ದು ಬಾವಿ ಕಡೆ ಸೊಪ್ಪಲ್ಲ. ಬೇಲಿ ಪಕ್ಕದ್ದು. ಬೇಗ ಮುಗಿಸ್ಬೇಕು ಅಂತ ಅಲ್ಲೇ ಕೊಯ್ದೆ" ಎಂದೆ.

ಅವಳ ಕೈಯಲ್ಲಿನ ತೆಂಗಿನ ನಾರು ನಿಂತಿತು. "ಬಯ್ಯಪ್ಪಣ್ಣ ಮಂಗಳವಾರ ದ್ರಾಕ್ಷಿಗೆ ಔಷಧಿ ಹೊಡೆದವ್ರೆ, ಬೇಲಿ ಕಡೇದು ಬ್ಯಾಡ ಅಂತ ಹೇಳಿದ್ನಲ್ಲ!"

"ಹೇಳಿದ್ದೆ. ನಾನು ಕೇಳಿಸ್ಕೊಳ್ಲಿಲ್ಲ."

ಸೋಪಿನ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಬೈಯುತ್ತಾಳೆ ಎಂದು ಕಾದೆ. ಅವಳು ಅಲ್ಲೇ ಕುಕ್ಕರುಗಾಲಿನಲ್ಲಿ ಕೂತು ಅಳುವುದಕ್ಕೆ ಶುರು ಮಾಡಿದಳು. ನಗುತ್ತಲೂ ಇದ್ದಳು. "ಕೈಯಲ್ಲ ಅಲ್ವಾ? ಕೈಯಲ್ಲ ಅಲ್ವಾ?" ಎಂದು ಎರಡು ಸಲ ಕೇಳಿದಳು.

19-10-1993, ಮಂಗಳವಾರ

ಅವಳು ನಂಬಿದರೂ ಪರೀಕ್ಷೆ ಮಾಡಿದೆ. ಬೇಲಿ ಪಕ್ಕದ ನಾಲ್ಕು ಎಲೆ, ಹತ್ತು ಹುಳು. ಮಧ್ಯಾಹ್ನಕ್ಕೇ ತಲೆ ತೂಗಾಡಿತು, ಹಸಿರು ರಸ ಬಂತು. ಬಯ್ಯಪ್ಪನನ್ನು ಕೇಳಿದೆ. "ಹೊಡೆಯೋಕ್ ಮುಂಚೇನೇ ಅಕ್ಕಂಗ್ ಹೇಳಿದ್ನಲ್ಲ ಮೇಷ್ಟ್ರೆ" ಎಂದ. ಅವನ ತಪ್ಪೇನೂ ಇಲ್ಲ.

ಸಾಯಿಸಿದ ಹತ್ತಕ್ಕೆ ಬೇಜಾರಾಯಿತು. ಹುಳಕ್ಕೆ ಬೇಜಾರು ಮಾಡಿಕೊಳ್ಳುವ ಜಾತಿ ನಾನಲ್ಲ, ಆದರೂ ಆಯಿತು. ಸಂಜೆಯ ಮೇವನ್ನು ಅಶ್ವತ್ಥಮ್ಮನೇ ಹಾಕಿದಳು. ಬುಟ್ಟಿ ಹಿಡಿದುಕೊಂಡು ಹಿಂದೆ ನಾನಿದ್ದೆ. ಹದಿನಾರು ತಟ್ಟೆಗೂ.

21-10-1993, ಗುರುವಾರ

ಹುಳು ಹಣ್ಣಾಗಿವೆ. ಬೆಳಕು ಹಿಡಿದಂತೆ ಮೈ ಹಳದಿಯಾಗಿ, ಮೇವು ಬಿಟ್ಟು, ಗೂಡು ಕಟ್ಟಲು ಜಾಗ ಹುಡುಕುತ್ತಿವೆ. ಹಣ್ಣಾದದ್ದನ್ನು ಹಣ್ಣಾದಂತೆ ಆರಿಸಿ, ಗೂಡು ಕಟ್ಟಲೆಂದೇ ಸುರುಳಿ ಹೆಣೆದ ಬಿದಿರಿನ ಚಂದ್ರಿಕೆಗೆ ಬಿಡಬೇಕು. ತಡವಾದರೆ ತಟ್ಟೆಯಲ್ಲೇ ನೂಲು ಬಿಟ್ಟು ಹಾಳು. ಬೆಳಗ್ಗೆ ಆರಕ್ಕೆ ಕೂತವರು ಮಧ್ಯಾಹ್ನ ಎರಡಕ್ಕೆ ಎದ್ದೆವು. ಸಂಜೆ ಮತ್ತೆ ಕೂತೆವು. ಬೆನ್ನು ಬಿದ್ದುಹೋಗಿದೆ. ನಮ್ಮ ಹುಳು ಈ ಸಲ ಒಳ್ಳೆ ದಪ್ಪ ಬಂದಿವೆ. ಅಶ್ವತ್ಥಮ್ಮ ಒಂದನ್ನು ನನ್ನ ಅಂಗೈ ಮೇಲೆ ಬಿಟ್ಟು, "ಇದಕ್ಕೂ ಎಣಿಸಿ ನೋಡಿ, ಎಷ್ಟ್ ಕಾಲು" ಎಂದಳು. ಹದಿನಾರು. ನನ್ನ ಸಣ್ಣ ಚಿಪ್ಪುಗಳಿಗೂ ಹದಿನಾರೇ.

24-10-1993, ಭಾನುವಾರ

ವಿಜಯದಶಮಿ. ಒಬ್ಬಟ್ಟಿಗೆ ಬಾ ಎಂದು ತಾಜ್ ಪಾಷಾನಿಗೆ ಕಾಗದ ಹಾಕಿದ್ದೆ, ಬಂದ. ವಿಮಾನದ ಆಟ ಹಾಕಿ ತೋರಿಸಿದೆ. ಮೊದಲ ಗುಂಡಿನ ಸದ್ದಿಗೇ ಕಣ್ಣು ತುಂಬಿಕೊಂಡ. "ಇದೇ ಕಣೋ, ಇದೇ ಸದ್ದು. ಅಂಗಡಿ ಷಟರ್ ಎತ್ತಿದಂಗಾಯ್ತು" ಎಂದ. ಅಶ್ವತ್ಥಮ್ಮನೂ ಬಂದು ಆಡಿದಳು. ಮೂರು ವಿಮಾನವನ್ನೂ ಒಂದು ನಿಮಿಷದಲ್ಲಿ ಕಳೆದುಕೊಂಡು, "ಇದಕ್ಕಾ ಇಷ್ಟೆಲ್ಲಾ!" ಎಂದಳು, ಮತ್ತೆ ಇನ್ನೊಂದು ಸಲ ಆಡಿದಳು.

ಊಟಕ್ಕೆ ಕೂತಾಗ ತಾಜ್, "ಅಕ್ಕಾ, ಬೋರ್ಡೇನೋ ಸರಿಹೋಯ್ತು, ಮೇಷ್ಟ್ರಿಗ್ ಏನಾಯ್ತು? ಬಂದಾಗ್ಲಿಂದ ಬರೀ ಹುಳದ್ ಕಥೆ!" ಎಂದ. ಅವನಿಗೆ ಮೊದಲಿನಿಂದಲೂ ಹೆಚ್ಚುಮಾಡಿ ಹೇಳುವ ಚಟ. ಕೇಳಿದ ಎಂದು ಹೇಳಿದೆ, ಅಷ್ಟೆ.

28-10-1993, ಗುರುವಾರ

ಗೂಡು ಬಿಡಿಸಿದೆವು. ರಜೆ ಮುಗಿದಿದ್ದರೂ ಒಂದು ದಿನ ರಜಾ ಬರೆದುಕೊಟ್ಟೆ. ಅಕ್ಕಪಕ್ಕದ ಹೆಂಗಸರೆಲ್ಲ ಬಂದಿದ್ದರು. ಚಂದ್ರಿಕೆಯಿಂದ ಒಂದೊಂದೇ ಗೂಡು ಕಿತ್ತು ರಾಶಿ ಹಾಕುವಾಗ ಯಾರಿಗೂ ಮಾತು ನಿಲ್ಲುವುದಿಲ್ಲ. ಗೂಡು ಗಟ್ಟಿಯಾಗಿದೆ. ಒತ್ತಿದರೆ ಬೆರಳು ಒಳಗೆ ಹೋಗುವುದಿಲ್ಲ. ನಾಳೆ ಶಿಡ್ಲಘಟ್ಟದ ಮಾರ್ಕೆಟ್ಟಿಗೆ.

ಚಿಕ್ಕವೆಂಕಟಮ್ಮ ಅತ್ತಿಗೆ ಒಂದು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದರು. "ಚೆನ್ನಾಗೇ ಬಂದಿದೆ ಕಣೇ. ಆ ಎಂಟ್ ತಟ್ಟೆ ಮಾತ್ರ ಯಾಕ್ ಹಂಗಾಯ್ತೋ. ಕೈಗುಣ ಅನ್ನೋದು ಒಂದ್ ಕಡೆ ಇದ್ದು ಒಂದ್ ಕಡೆ ಇಲ್ದಂಗ್ ಇರುತ್ತಾ?" ಎಂದರು.

ಎಲ್ಲರೂ ಅಶ್ವತ್ಥಮ್ಮನನ್ನು ನೋಡಿದರು. ಅವಳು ತಲೆ ತಗ್ಗಿಸಿಕೊಂಡೇ, "ಸೊಪ್ಪಲ್ಲೇನೋ ಇತ್ತಕ್ಕ" ಎಂದಳು. ಯಾರು ತಂದ ಸೊಪ್ಪು ಎಂದು ಹೇಳಲಿಲ್ಲ. ಹತ್ತು ದಿನದಿಂದ ಯಾರಿಗೂ ಹೇಳಿರಲಿಲ್ಲವೆಂದು ನನಗೆ ಆಗ ಗೊತ್ತಾಯಿತು.

"ಆ ಸೊಪ್ಪು ತಂದೋನು ನಾನು ಅತ್ತಿಗೆ" ಎಂದೆ. "ಅವಳು ಬೇಡ ಅಂದ ಕಡೆಯಿಂದ್ಲೇ ತಂದೆ. ಔಷಧಿ ಬಿದ್ದ ಸೊಪ್ಪು. ನಮ್ಮ ಉಗ್ರಾಣದ ಆಟದ ಸಾಮಾನಿಗೆ ಹೊತ್ತಾಯ್ತು ಅಂತ ಅವಸರ ಮಾಡಿದೆ. ಅವಳ ಕೈ ಆ ಎಂಟ್ ತಟ್ಟೆಗೆ ಅವತ್ತು ಮಧ್ಯಾಹ್ನ ಸೋಕೇ ಇಲ್ಲ. ಅವಳು ಕೊಯ್ದ ಸೊಪ್ಪು ತಿಂದಿದ್ದು ಇವು" ಎಂದು ರಾಶಿ ತೋರಿಸಿದೆ.

ಅತ್ತಿಗೆ ಗೊಳ್ಳೆಂದು ನಕ್ಕರು. "ಅಂದ್ರೆ ಕೈಗುಣ ಸರಿ ಇಲ್ದಿರೋದು ಮೇಷ್ಟ್ರಿಗೆ!" ಎಲ್ಲ ಹೆಂಗಸರೂ ನಕ್ಕರು. ನಾಳೆ ಬಾವಿಕಟ್ಟೆಯಲ್ಲಿ ಇದೇ ಮಾತು, ನಾಡಿದ್ದು ಸ್ಕೂಲಿನಲ್ಲೂ. ಆಡಿಕೊಳ್ಳಲಿ. ಎದ್ದು ಹೋಗುವಾಗ ಅತ್ತಿಗೆ ಬಾಗಿಲಲ್ಲಿ ನಿಂತು, "ಹುಣ್ಣಿಮೆ ಆದ್ಮೇಲೆ ಮೊಟ್ಟೆ ತರ್ತೀವಿ ಕಣೇ ಅಶ್ವತ್ಥ. ಮೊದಲ್ನೇ ಸೊಪ್ಪು ನೀನೇ ಬಂದು ಹಾಕ್ಬೇಕು" ಎಂದರು.

ಅವಳು ಆಗಲಿ ಅಕ್ಕ ಎಂದಷ್ಟೇ ಹೇಳಿದಳು. ಎಲ್ಲರೂ ಹೋದ ಮೇಲೆ ಕಸ ಗುಡಿಸುತ್ತಾ ನನ್ನ ಹತ್ತಿರ ಬಂದು ನಿಂತಳು.

"ನಮ್ ಮುಂದಿನ್ ಬೆಳೆಗೆ ಸೊಪ್ಪು ನೀವೇ ತರ್ಬೇಕು. ದಿನಾ. ಇನ್ನೊಬ್ರಿಗ್ ಹೇಳಲ್ಲ ನಾನು" ಎಂದಳು.

ತರುತ್ತೇನೆ ಎಂದೆ.